ಕೆಮಿಕಲ್ ಇಂಜಿನಿಯರಿಂಗ್: ಆಲೆಮನೆಯ ಲೆಕ್ಕದಿಂದ ಕಾರ್ಖಾನೆಯವರೆಗೆ

ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳನ್ನು ಕೆಮಿಕಲ್ ಇಂಜಿನಿಯರಿಂಗಿಗೆ ಸೇರಿಸಬೇಕೆಂಬ ಅಪೇಕ್ಷೆ ನಮ್ಮ ಅನೇಕ ಪೋಷಕರಲ್ಲಿದೆ. ಆದರೆ ಈ 4 ವರ್ಷಗಳ ವ್ಯಾಸಂಗದಲ್ಲಿ ರಸಾಯನಶಾಸ್ತ್ರಕ್ಕಿಂತ ಗಣಿತ ಮತ್ತು ಭೌತಶಾಸ್ತ್ರದ ಪಾಲೇ ದೊಡ್ಡದು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದು, ಈಗ ಮೂರನೆಯ ವರ್ಷದಲ್ಲಿ ಓದುತ್ತಿರುವ ಹುಡುಗಿಗೆ ಇದು ತಿಳಿದದ್ದು ಸೇರಿದ ಮೇಲೆಯೇ. ಮೊದಲ ವರ್ಷದ ಪಾಠಗಳು ಎಲ್ಲ ಶಾಖೆಗಳಿಗೂ ಬಹುಮಟ್ಟಿಗೆ ಸಮಾನ. ಮುಖ್ಯ ವಿಷಯ ಎರಡನೆಯ ವರ್ಷದಲ್ಲಿ ತೊಡಗುತ್ತದೆ.

ಅಲ್ಲಿ ಮೊದಲು ಕಲಿಸುವುದು ದ್ರವ್ಯದ ಜಮಾಖರ್ಚು. ಒಳಗೆ ಹೋದದ್ದು ಹೊರಗೆ ಬರಬೇಕು, ಇಲ್ಲವೇ ಒಳಗೇ ಉಳಿದಿರಬೇಕು. ಆಲೆಮನೆಯನ್ನೇ ನೋಡೋಣ. 100 ಕಿಲೋ ಕಬ್ಬಿನ ಹಾಲಿನಲ್ಲಿ 18 ಕಿಲೋ ಘನಾಂಶವಿದೆಯೆಂದೂ, ಬೆಲ್ಲದಲ್ಲಿ ಶೇಕಡಾ 90ರಷ್ಟು ಘನಾಂಶವಿರಬೇಕೆಂದೂ ಇಟ್ಟುಕೊಂಡರೆ, ದೊರೆಯುವ ಬೆಲ್ಲ 20 ಕಿಲೋ. ಆವಿಯಾಗಿ ಹೋಗಬೇಕಾದ ನೀರು 80 ಕಿಲೋ. ಕುದಿಯುವ ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 2,260 ಕಿಲೋಜೌಲ್ ಶಾಖ ಬೇಕು. ಕೊಪ್ಪರಿಗೆಯಿಂದೆದ್ದ ಆವಿ ಆ ಶಾಖವನ್ನು ಹೊತ್ತು ಗಾಳಿಗೆ ಸೇರುತ್ತದೆ.

ಆ ಆವಿಯನ್ನೇ ಮುಂದಿನ ಪಾತ್ರೆಯನ್ನು ಕಾಯಿಸಲು ಬಳಸಬಾರದೇಕೆ? ಎರಡನೆಯ ಪಾತ್ರೆಯಲ್ಲಿ ಒತ್ತಡ ಕಡಿಮೆ ಮಾಡಿದರೆ ರಸವು ಕಡಿಮೆ ಉಷ್ಣತೆಯಲ್ಲೇ ಕುದಿಯುವುದರಿಂದ ಇದು ಸಾಧ್ಯ. ಅಮೆರಿಕದ ನಾರ್ಬರ್ಟ್ ರಿಲ್ಯೂ 1843ರಲ್ಲಿ ಇಂತಹ ವ್ಯವಸ್ಥೆಗೆ ಪೇಟೆಂಟ್ ಪಡೆದರು. ಇಂದಿನ ಸಕ್ಕರೆ ಕಾರ್ಖಾನೆಗಳಲ್ಲಿ ಸಾಲಾಗಿ ನಿಂತಿರುವ ಪಾತ್ರೆಗಳ ಹಿಂದಿರುವುದು ಇದೇ ತತ್ತ್ವ. ಸೊಲ್ಲಾಪುರದ ಕಡೆಯ ಮಕ್ಕಳು ಅವನ್ನು ಹೊರಗಿನಿಂದಲಾದರೂ ನೋಡಿರಬಹುದು.

ದ್ರವಗಳ ಹರಿವು, ಶಾಖ ವರ್ಗಾವಣೆ, ಭಟ್ಟಿ ಇಳಿಸುವಿಕೆ, ಕ್ರಿಯೆಯ ವೇಗ, ಸ್ಥಾವರದ ವಿನ್ಯಾಸ ಮೊದಲಾದವು ಅನಂತರ ಬರುತ್ತವೆ. ಪ್ರಯೋಗಾಲಯದಲ್ಲಿ ಕೊಳವೆ, ಪಂಪು, ಕವಾಟಗಳೊಡನೆಯೇ ಹೆಚ್ಚಿನ ಒಡನಾಟ. ಪ್ರನಾಳ ಹಿಡಿದು ಬಣ್ಣ ಬದಲಾಗುವುದನ್ನು ನೋಡುವ ಆಸೆಯಿಂದ ಹೋದವರಿಗೆ ನಿರಾಶೆಯಾದೀತು.

ಭಾಷೆಯ ತೊಡಕು ನಿಜ. ಆದರೆ ಅದರ ಸ್ವರೂಪ ಪೋಷಕರು ಊಹಿಸುವಂಥದ್ದಲ್ಲ. ಸ್ನಿಗ್ಧತೆ, ಸಾಂದ್ರೀಕರಣಗಳ ಅರ್ಥ ಆ ಹುಡುಗಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರದಿದ್ದುದು ಅವುಗಳ ಇಂಗ್ಲಿಷ್ ಹೆಸರು. ಎರಡೂ ಪದಗಳನ್ನು ಎದುರುಬದುರಾಗಿ ಬರೆದಿಟ್ಟ ನೋಟ್‌ಪುಸ್ತಕವೊಂದು ಮೊದಲ ಎರಡು ಸೆಮಿಸ್ಟರ್‌ಗಳನ್ನು ದಾಟಿಸಿತು. ತರಗತಿಯಲ್ಲಿ ಎದ್ದುನಿಂತು ಪ್ರಶ್ನೆ ಕೇಳುವ ಧೈರ್ಯ ಬರಲು ಮಾತ್ರ ಹೆಚ್ಚು ಕಾಲ ಹಿಡಿಯಿತಂತೆ.

ನಮ್ಮನ್ನು ನಿಜವಾಗಿ ಕಾಡುವುದು ಪ್ರವೇಶದ ನಿಯಮಗಳು. ಜೆಇಇ ಮೇನ್ ಪ್ರಶ್ನೆಪತ್ರಿಕೆ 2021ರಿಂದ ಕನ್ನಡದಲ್ಲಿಯೂ ಲಭ್ಯವಿದೆ; ಆದರೆ ಅದನ್ನು ಒದಗಿಸಿರುವುದು ಕರ್ನಾಟಕದ ಕೇಂದ್ರಗಳಲ್ಲಿ. ಎನ್‌ಐಟಿಗಳ ಅರ್ಧದಷ್ಟು ಸೀಟುಗಳು ಆಯಾ ರಾಜ್ಯದಲ್ಲಿ ಹನ್ನೆರಡನೆಯ ತರಗತಿ ತೇರ್ಗಡೆಯಾದವರಿಗೆ ಮೀಸಲು. ಹೀಗಾಗಿ ಮಂಜೇಶ್ವರದ ವಿದ್ಯಾರ್ಥಿಗೆ ದೂರದ ಕಲ್ಲಿಕೋಟೆ ತವರು, ಹತ್ತಿರದ ಸುರತ್ಕಲ್ ಪರರಾಜ್ಯ! ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅರ್ಹತೆಯ ಅವಕಾಶವಿದೆ. ಅದಕ್ಕೆ ಗಡಿ ತಾಲೂಕಿನಲ್ಲಿ 7 ವರ್ಷ ಓದಿದ ದಾಖಲೆ ಬೇಕು, ಕನ್ನಡ ಭಾಷಾ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕು. ವ್ಯಾಸಂಗ ಪ್ರಮಾಣಪತ್ರಗಳನ್ನು ಪ್ರಾಥಮಿಕ ಶಾಲೆಯಿಂದಲೇ ಪಡೆದು ಜೋಪಾನವಾಗಿಡಿ; ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದಿಯೇ ಅರ್ಜಿ ತುಂಬಿಸಿ.