ಕತೆ ಮುಗಿದ ಮೇಲೆ ನೀತಿ ಇರುತ್ತಾ, ಆಂಟಿ?



ಹಾಫ್ ಟರ್ಮ್ ರಜೆಗೆ ಮುಂಚಿನ ಶನಿವಾರ ನಮ್ಮ ದೊಡ್ಡ ಮಕ್ಕಳ ತರಗತಿಯಲ್ಲಿ ನಡೆದದ್ದನ್ನು ಹೇಳಿ ಶುರುಮಾಡುತ್ತೇನೆ. ಹದಿಮೂರು ವರ್ಷದ ಹುಡುಗಿಯೊಬ್ಬಳು ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಯನ್ನು ಮೇಜಿನ ಕೆಳಗೆ ಇಟ್ಟುಕೊಂಡು ಓದುತ್ತಿದ್ದಳು. "ಅದನ್ನು ಒಳಗಿಡಮ್ಮ, ಕನ್ನಡ ಪುಸ್ತಕ ತೆಗಿ" ಅಂದೆ. ಅವಳು ಜಗಳಕ್ಕೆ ಬರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಮುಖ ಮಾಡಿ ಕೇಳಿದಳು: "ಆಂಟಿ, ಕನ್ನಡದಲ್ಲೂ ಇಂಥ ಬುಕ್ಸ್ ಇದೆಯಾ? ಇಲ್ಲಾ, ಎಲ್ಲಾ ಕತೆ ಕೊನೆಗೂ ನೀತಿ ಬರುತ್ತಾ?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ಐದು ವರ್ಷದಿಂದ ನಾವು ಈ ಮಕ್ಕಳಿಗೆ ಕೊಟ್ಟಿರುವುದು ಅದನ್ನೇ. ಆಮೆ ಮೊಲ, ನರಿ ದ್ರಾಕ್ಷಿ, ಪುಣ್ಯಕೋಟಿ. ಅ ಆ ಇ ಈ ಮುಗಿಸಿ, ಒತ್ತಕ್ಷರ ದಾಟಿ, ಒಂದು ಪ್ಯಾರಾ ತಡವರಿಸದೆ ಓದುವ ಹೊತ್ತಿಗೆ ಮಗುವಿಗೆ ಹನ್ನೆರಡು ತುಂಬಿರುತ್ತದೆ. ಇಂಗ್ಲಿಷಿನಲ್ಲಿ ಅದು ಆಗಲೇ ಡ್ರ್ಯಾಗನ್ನು, ಕೊಲೆ, ಪ್ರೀತಿ ಎಲ್ಲವನ್ನೂ ಮುಗಿಸಿದೆ. ಕನ್ನಡದಲ್ಲಿ ಮಾತ್ರ ಇನ್ನೂ ಆಮೆಯ ಹಿಂದೆಯೇ ನಡೆಯುತ್ತಿದೆ. ಇನ್ನೆರಡು ವರ್ಷ ಹೀಗೇ ಹೋದರೆ ಜಿಸಿಎಸ್‌ಇ ಬರುತ್ತದೆ, ಶನಿವಾರದ ತರಗತಿ ಬಿಡುತ್ತಾರೆ, ಕಲಿತ ಅಕ್ಷರ ಊರಿನ ಬಸ್ಸಿನ ಬೋರ್ಡು ಓದುವುದಕ್ಕಷ್ಟೇ ಉಳಿಯುತ್ತದೆ. ಇದು ನನ್ನ ಮನೆಯಲ್ಲೇ ಒಮ್ಮೆ ಆಗಿದೆ, ದೊಡ್ಡ ಮಗನ ವಿಷಯದಲ್ಲಿ.

ಆ ರಾತ್ರಿ ಅಮ್ಮನಿಗೆ ಫೋನು ಮಾಡಿ ಹುಡುಗಿಯ ಪ್ರಶ್ನೆ ಹೇಳಿದೆ. ಅಮ್ಮ ನಕ್ಕರು. "ನೀತಿಯಾ? ನಾವು ಓದುತ್ತಿದ್ದದ್ದನ್ನ ಹಾಸಿಗೆ ಕೆಳಗೆ ಬಚ್ಚಿಡಬೇಕಿತ್ತು ಕಣೇ" ಅಂದರು. ಅವರ ಕಾಲದಲ್ಲಿ ಬೀದಿ ಮೂಲೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕಿಷ್ಟು ಪೈಸೆ ಬಾಡಿಗೆಗೆ ಕಾದಂಬರಿ ತರುತ್ತಿದ್ದರಂತೆ. ಒಂದು ದಿನ ತಡವಾದರೆ ಬಾಡಿಗೆ ಹೆಚ್ಚು. ಹಾಗಾಗಿ ಅಮ್ಮ ಮಧ್ಯಾಹ್ನ, ಚಿಕ್ಕಮ್ಮ ಸಂಜೆ, ಅಜ್ಜಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ದೀಪದಲ್ಲಿ ಓದಿ ಮುಗಿಸುತ್ತಿದ್ದರು. ಮರುದಿನ ಸೊಪ್ಪು ಬಿಡಿಸುತ್ತಾ ಮೂವರೂ ನಾಯಕನನ್ನು ಬೈಯುತ್ತಿದ್ದರು. ಅದಕ್ಕೆ ವಿಮರ್ಶೆ ಅಂತ ಹೆಸರಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಹಾಗಾದರೆ ಹುಡುಗಿಯ ಪ್ರಶ್ನೆಗೆ ಉತ್ತರ: ಇದೆ, ಬೇಕಾದಷ್ಟಿದೆ. ನಾವೇ ತೋರಿಸಿಲ್ಲ.

ಮೊದಲು ರೋಚಕ ಕತೆಗಳನ್ನು ನೋಡಿ. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಅವರ 'ಪತ್ತೇದಾರ ಪುರುಷೋತ್ತಮ'ನ ಹೆಸರು ಕೇಳಿದರೆ ಊರಿನ ಹಿರಿಯರ ಮುಖ ಇವತ್ತಿಗೂ ಅರಳುತ್ತದೆ. ಟಿ.ಕೆ. ರಾಮರಾವ್ ಅವರ ಸಸ್ಪೆನ್ಸ್ ಕಾದಂಬರಿಗಳಿಗೆ ವಾರಪತ್ರಿಕೆ ಕಾಯುವ ಓದುಗರಿದ್ದರು. ಡಾ. ರಾಜ್‌ಕುಮಾರ್ ಅವರ 'ಬಂಗಾರದ ಮನುಷ್ಯ' ಸಿನಿಮಾ ಬಂದದ್ದೂ ಅವರ ಕಾದಂಬರಿಯಿಂದಲೇ. ನಮ್ಮ ಶಾಲೆಯ ಅಪ್ಪಂದಿರೊಬ್ಬರು "ಮಕ್ಕಳು ಮೊದಲು ಒಳ್ಳೆಯ ಸಾಹಿತ್ಯ ಓದಲಿ, ಇವೆಲ್ಲ ಯಾಕೆ" ಅಂದರು. "ನೀವು ಏನು ಓದಿ ಕನ್ನಡ ಓದಲು ಕಲಿತಿರಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಲೆಕ್ಕದ ಪುಸ್ತಕದ ಒಳಗೆ ಇಟ್ಟುಕೊಂಡು ಓದಿದ ನರಸಿಂಹಯ್ಯನವರ ಹೆಸರನ್ನೇ ಹೇಳಿದರು.

ಇವತ್ತಿನ ಮಕ್ಕಳಿಗೆ ನಾನು ಕೊಡುವುದು ಪೂರ್ಣಚಂದ್ರ ತೇಜಸ್ವಿಯವರನ್ನು. 'ಜುಗಾರಿ ಕ್ರಾಸ್' ಹದಿನೈದು ದಾಟಿದವರಿಗೆ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ಗಂಡ ಹೆಂಡಿರ ಸುತ್ತ, ಇಪ್ಪತ್ತನಾಲ್ಕು ಗಂಟೆಯೊಳಗೆ ಓಡಿ ಮುಗಿಯುವ ಕತೆ. ಅದಕ್ಕಿಂತ ಚಿಕ್ಕವರಿಗೆ 'ಕರ್ವಾಲೊ'. 1980ರಲ್ಲಿ ಬಂದ ಪುಸ್ತಕ. ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಶುರುವಾಗಿ, ಹಾರುವ ಓತಿಯೊಂದನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತದೆ. ಕಿವಿ ಎಂಬ ನಾಯಿ ಇದೆ. ಬಿರಿಯಾನಿ ಕರಿಯಪ್ಪ ಇದ್ದಾನೆ. ಊರಿನವರು ದಡ್ಡ ಅಂದುಕೊಂಡ ಮಂದಣ್ಣನನ್ನು ವಿಜ್ಞಾನಿ ಕರ್ವಾಲೊ ಮಾತ್ರ ಬೇರೆ ಕಣ್ಣಿಂದ ನೋಡುತ್ತಾರೆ. ನಮ್ಮ ತರಗತಿಯಲ್ಲಿ ನಾನು ಗಟ್ಟಿಯಾಗಿ ಓದಿದೆ, ಮಕ್ಕಳು ಸರದಿಯ ಮೇಲೆ ಒಂದೊಂದು ಪ್ಯಾರಾ ಓದಿದರು. ಗದ್ದೆ, ಕೋವಿ, ಓತಿಕ್ಯಾತ, ಇಂಥ ಪದ ಬಂದಾಗಲೆಲ್ಲ ನಿಲ್ಲಿಸಿ ಅರ್ಥ ಹೇಳುವ ಚಪಲ ನನಗೆ. "ಆಮೇಲೆ ಹೇಳಿ ಆಂಟಿ, ಮುಂದೇನಾಯ್ತು?" ಅಂದರು. ಐದು ವರ್ಷದಲ್ಲಿ ಆ ತರಗತಿಯಲ್ಲಿ 'ಮುಂದೇನಾಯ್ತು' ಎಂಬ ಮಾತು ಕೇಳಿದ್ದು ಅದೇ ಮೊದಲು.

ಫ್ಯಾಂಟಸಿಗೆ ಬಂದರೆ, ಕನ್ನಡದಲ್ಲಿ ಅದು ದಪ್ಪ ಪುಸ್ತಕದಲ್ಲಿ ಕಡಿಮೆ, ಅಜ್ಜಿಯ ಬಾಯಲ್ಲಿ ಹೆಚ್ಚು. ಹೂವಿನ ಗಿಡವಾಗುವ ಹುಡುಗಿಯ ಕತೆ ಗೊತ್ತಲ್ಲ? ಎ.ಕೆ. ರಾಮಾನುಜನ್ ಅವರು ಕರ್ನಾಟಕದಲ್ಲಿ ಕೇಳಿ ಇಂಗ್ಲಿಷಿಗೂ ಕೊಂಡೊಯ್ದ ಕತೆ. ಗಿರೀಶ ಕಾರ್ನಾಡರು ಅದನ್ನು 'ಚೆಲುವಿ' ಎಂಬ ಸಿನಿಮಾ ಮಾಡಿದರು. ಬಡ ತಾಯಿಯ ಕಿರಿಯ ಮಗಳು. ಒಂದು ಬಿಂದಿಗೆ ನೀರು ಸುರಿದರೆ ಗಿಡವಾಗುತ್ತಾಳೆ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಆದರೆ ನೀರಿಗೆ ಉಗುರು ತಾಗಬಾರದು. ಹೂ ಕೀಳುವವರು ಎಲೆ, ಟೊಂಗೆ ನೋಯಿಸಬಾರದು. ಅಕ್ಕ ಜೋಪಾನವಾಗಿ ಕೀಳುತ್ತಾಳೆ. ಮುಂದೊಂದು ದಿನ ಜೋಪಾನ ಗೊತ್ತಿಲ್ಲದವರ ಕೈಗೆ ಆ ಗಿಡ ಸಿಗುತ್ತದೆ. ಅಲ್ಲಿಗೆ ನಿಲ್ಲಿಸುತ್ತೇನೆ.

ಇದನ್ನು ಹೇಳಿದ ದಿನ ಆ ಇಟ್ಟಿಗೆ ಪುಸ್ತಕದ ಹುಡುಗಿ ಒಂದು ಮಾತು ಹೇಳಿದಳು. ಅವಳು ಓದುವ ಇಂಗ್ಲಿಷ್ ಪುಸ್ತಕಗಳಲ್ಲೂ ಮಂತ್ರಕ್ಕೆ ಒಂದು ರೂಲ್ ಇರುತ್ತದಂತೆ. ಲೇಖಕರೇ ಆ ರೂಲ್ ಮುರಿದರೆ ಪುಸ್ತಕ ಹಾಳಾಗುತ್ತದಂತೆ. "ಈ ಕತೆ ರೂಲ್ ಮುರಿಯಲಿಲ್ಲ. ಅದಕ್ಕೇ ಹೆದರಿಕೆ ಆಗುತ್ತೆ" ಅಂದಳು. ಫ್ಯಾಂಟಸಿ ಬಗ್ಗೆ ನಾನು ಕೇಳಿದ ಒಳ್ಳೆಯ ವಿಮರ್ಶೆಗಳಲ್ಲಿ ಅದೂ ಒಂದು. ನನ್ನ ತಲೆಗೆ ಅದು ಹೊಳೆದಿರಲಿಲ್ಲ.

ಇನ್ನು ಪ್ರೇಮಕಥೆ. ಪೋಷಕರ ಹುಬ್ಬು ಇಲ್ಲೇ ಮೇಲೇರುವುದು. ಹದಿನಾಲ್ಕರ ಮಗಳ ಕೈಗೆ ಕನ್ನಡದ ಪ್ರೇಮಕಾದಂಬರಿಯಾ? ಅವಳು ಇಂಗ್ಲಿಷಿನಲ್ಲಿ ಏನು ಓದುತ್ತಿದ್ದಾಳೆ ಎಂದು ಒಮ್ಮೆ ನೋಡಿ, ಆಮೇಲೆ ಮಾತಾಡೋಣ. ತ್ರಿವೇಣಿಯವರ 'ಬೆಳ್ಳಿ ಮೋಡ' ತೆಗೆದುಕೊಳ್ಳಿ. ಶ್ರೀಮಂತ ತಂದೆಯ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗುವೆನೆಂದು ಒಪ್ಪಿದವನಿಗೆ ಆಸ್ತಿಯ ಲೆಕ್ಕವೂ ಗೊತ್ತು. ಅಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ. ಲೆಕ್ಕ ತಪ್ಪುತ್ತದೆ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಇದನ್ನು ಸಿನಿಮಾ ಮಾಡಿದರು. ತ್ರಿವೇಣಿಯವರು ಅದನ್ನು ನೋಡಲು ಇರಲಿಲ್ಲ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡಿದ್ದರು. ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಅವರ ಎಲ್ಲ ಕಾದಂಬರಿಯೂ ಈ ವಯಸ್ಸಿಗೆ ಅಂತ ನಾನು ಹೇಳುವುದಿಲ್ಲ. 'ಶರಪಂಜರ' ಇನ್ನೂ ಕೆಲವು ವರ್ಷ ಕಾಯಲಿ.

ಈಗ ವಿಮರ್ಶೆಯ ಮಾತು. ಕಳೆದ ಟರ್ಮಿನಲ್ಲಿ ಈ ಪತ್ರಿಕೆಗೆ ಮಕ್ಕಳಿಂದ ಪುಸ್ತಕ ಪರಿಚಯ ಬರೆಸಿದೆವು. ಬಂದದ್ದರಲ್ಲಿ ಅರ್ಧಕ್ಕರ್ಧ ಹೀಗಿದ್ದವು: ಈ ಪುಸ್ತಕ ಬಹಳ ಚೆನ್ನಾಗಿದೆ, ಇದರಿಂದ ನಾವು ಒಳ್ಳೆಯ ಗುಣಗಳನ್ನು ಕಲಿಯುತ್ತೇವೆ, ಎಲ್ಲರೂ ಓದಬೇಕು. ಅಮ್ಮಂದಿರೇ, ನಿಮ್ಮ ಕೈಬರಹ ನನಗೆ ಚೆನ್ನಾಗಿ ಗೊತ್ತು.

ಒಂದು ಮಾತ್ರ ಬೇರೆ ಥರ ಇತ್ತು. 'ಕರ್ವಾಲೊ' ಬಗ್ಗೆ ಹನ್ನೊಂದರ ಹುಡುಗ ಬರೆದದ್ದು. ಮೊದಲ ಇಪ್ಪತ್ತು ಪುಟ ಬೋರ್, ಎಲ್ಲರೂ ಬರೀ ಮಾತಾಡುತ್ತಾರೆ, ಕಿವಿ ಬಂದ ಮೇಲೆ ಚೆನ್ನಾಗಿದೆ, ಮಂದಣ್ಣನಿಗೆ ಆದ ಹಾಗೆ ನನಗೂ ಸ್ಕೂಲಿನಲ್ಲಿ ಆಗಿದೆ. ಕೆಳಗೆ, ಹಾರುವ ಓತಿ ಕೊನೆಗೆ ಏನಾಯಿತು ಅಂತಲೂ ಪೂರ್ತಿ ಬರೆದುಬಿಟ್ಟಿದ್ದ. ಮನೆಯವರು ಫೋನು ಮಾಡಿ, "ಬೋರ್ ಅನ್ನೋದನ್ನ ತೆಗೆದುಬಿಡಿ, ದೊಡ್ಡ ಲೇಖಕರು, ಚೆನ್ನಾಗಿರಲ್ಲ" ಅಂದರು. ನಾನು ತೆಗೆದೆ. ಕೊನೆಯನ್ನು ಹಾಗೇ ಬಿಟ್ಟೆ.

ಎರಡೂ ತಪ್ಪು. ಅಚ್ಚುಕಟ್ಟಾಗಿ ತಲೆಕೆಳಗಾಗಿ ಮಾಡಿದ್ದೆ. ಪುಸ್ತಕ ಇನ್ನೂ ಓದದ ನಾಲ್ಕು ಮಕ್ಕಳು "ಕೊನೆ ಹೇಳಿಬಿಟ್ಟ" ಅಂತ ಅವನ ಮೇಲೆ ಮುಗಿಬಿದ್ದರು. ಹುಡುಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ನಾನು ಬೋರ್ ಅಂತ ಬರೆದಿದ್ದೆ, ಅದು ಎಲ್ಲಿ ಹೋಯ್ತು?" ಸುಳ್ಳು ಹೇಳಲು ಆಗಲಿಲ್ಲ. ಕ್ಷಮಿಸು ಕಣೋ ಅಂದೆ. ಈ ಸಂಚಿಕೆಯಲ್ಲಿ ಅವನ ಬರಹವನ್ನು, ಬೋರ್ ಸಮೇತ, ಕೊನೆಯ ನಾಲ್ಕು ಸಾಲು ಬಿಟ್ಟು ಮತ್ತೆ ಹಾಕಿದ್ದೇವೆ. ಮನೆಯವರೂ ಒಪ್ಪಿದ್ದಾರೆ. ತೇಜಸ್ವಿಯವರ ಪುಸ್ತಕ ಹನ್ನೊಂದರ ಹುಡುಗನ 'ಬೋರ್' ತಡೆದುಕೊಳ್ಳದಷ್ಟು ತೆಳ್ಳಗಿಲ್ಲ.

ಮಕ್ಕಳೇ, ನಿಮಗೆ ಬೇತಾಳ ಗೊತ್ತಲ್ಲ? 'ಚಂದಮಾಮ' ಪತ್ರಿಕೆ 1949ರಿಂದ ಕನ್ನಡದಲ್ಲಿ ಬರುತ್ತಿತ್ತು. ವಿಕ್ರಮ, ಬೇತಾಳರ ಕತೆಗೆ ನಿಮ್ಮ ಅಪ್ಪ ಅಮ್ಮ ತಿಂಗಳಿಡೀ ಕಾಯುತ್ತಿದ್ದರು. ಬೇತಾಳ ರಾಜನ ಹೆಗಲ ಮೇಲೆ ಕೂತು ಕತೆ ಹೇಳುತ್ತದೆ, ಕೊನೆಗೆ ಪ್ರಶ್ನೆ ಕೇಳುತ್ತದೆ: ಇವರಲ್ಲಿ ಯಾರು ಮಾಡಿದ್ದು ಸರಿ? ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು. ಹೇಳಿದರೆ ಬೇತಾಳ ಮತ್ತೆ ಮರಕ್ಕೆ ಹಾರುತ್ತದೆ, ಅಷ್ಟು ಹೊತ್ತಿನ ನಡಿಗೆ ವ್ಯರ್ಥ. ಆದರೂ ರಾಜ ಹೇಳುತ್ತಾನೆ, 'ಎಲ್ಲರೂ ಒಳ್ಳೆಯವರು' ಅಂದು ತಪ್ಪಿಸಿಕೊಳ್ಳುವುದಿಲ್ಲ. ಕಾರಣ ಸಮೇತ ಹೇಳುತ್ತಾನೆ. ನೀವು ಬರೆಯಬೇಕಾದ್ದೂ ಆ ಥರದ್ದು.

ಪತ್ತೇದಾರಿ ಕತೆಯಾದರೆ ಕೇಳಿಕೊಳ್ಳಿ: ಕಳ್ಳ ಯಾರೆಂದು ನಾನೂ ಕಂಡುಹಿಡಿಯುವಷ್ಟು ಸುಳಿವನ್ನು ಲೇಖಕರು ಮೊದಲೇ ಕೊಟ್ಟಿದ್ದರಾ, ಇಲ್ಲಾ ಕೊನೇ ಪುಟದಲ್ಲಿ ಹೊಸಬನನ್ನು ತಂದು ಮೋಸ ಮಾಡಿದರಾ? ಫ್ಯಾಂಟಸಿಗೆ ಆ ಹುಡುಗಿಯ 'ರೂಲ್' ಪ್ರಶ್ನೆಯೇ ಸಾಕು. ಪ್ರೇಮಕಥೆಗೆ ನನ್ನ ಅಮ್ಮನ ಪ್ರಶ್ನೆ ಕೊಡುತ್ತೇನೆ, ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದದ್ದು: "ಅವಳು ಬೇಡ ಅನ್ನಬಹುದಿತ್ತಲ್ಲ, ಯಾಕೆ ಅನ್ನಲಿಲ್ಲ?" ಅದಕ್ಕೆ ಕಾದಂಬರಿಯೊಳಗೇ ಉತ್ತರ ಸಿಕ್ಕಿದರೆ ಒಳ್ಳೆಯ ಕಾದಂಬರಿ. ಸಿಗದಿದ್ದರೆ ಹಾಗೆಯೇ ಬರೆಯಿರಿ. ಹತ್ತು ಸಾಲು ಸಾಕು. ಗೊತ್ತಿಲ್ಲದ ಕನ್ನಡ ಪದದ ಜಾಗದಲ್ಲಿ ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆದರೂ ಸರಿ, ನಾನು ಕೆಂಪು ಶಾಯಿ ಹಚ್ಚುವುದಿಲ್ಲ.

ಪೋಷಕರೇ, ನಿಮ್ಮಿಂದ ಬೇಕಾದ್ದು ರಾತ್ರಿ ಹದಿನೈದು ನಿಮಿಷ. ಎರಡು ಪುಟ ನೀವು ಓದಿ, ಒಂದು ಪ್ಯಾರಾ ಮಗು ಓದಲಿ. ತಪ್ಪಿದ ಒತ್ತಕ್ಷರವನ್ನು ಅಲ್ಲೇ ತಿದ್ದಬೇಡಿ, ಕತೆ ಕೆಡುತ್ತದೆ. ಪುಸ್ತಕ ತರಿಸುವುದು ಕಷ್ಟವಾದರೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕಗಳಿವೆ. ಊರಿಂದ ಯಾರಾದರೂ ಬರುವವರಿದ್ದರೆ ಅವರ ಸೂಟ್‌ಕೇಸಿನಲ್ಲಿ ಚಕ್ಕುಲಿ ಡಬ್ಬದ ಪಕ್ಕ ಎರಡು ಕಾದಂಬರಿಗೆ ಜಾಗ ಕೇಳಿ. ಶಾಲೆಯ ಕಪಾಟಿಗೆ ಕೊಟ್ಟರೆ ಇನ್ನೂ ಸಂತೋಷ.

ಇಟ್ಟಿಗೆ ಪುಸ್ತಕದ ಹುಡುಗಿ ಈಗ 'ಬೆಳ್ಳಿ ಮೋಡ'ದಲ್ಲಿದ್ದಾಳೆ. ಅವಳೊಬ್ಬಳೇ ಓದುವಷ್ಟು ವೇಗ ಇನ್ನೂ ಇಲ್ಲ. ಮೈಸೂರಿನಲ್ಲಿರುವ ಅಜ್ಜಿ ಭಾನುವಾರ ಬೆಳಿಗ್ಗೆ ವಾಟ್ಸಾಪಿನಲ್ಲಿ ನಾಲ್ಕು ಪುಟ ಓದುತ್ತಾರೆ, ಇವಳು ಅರ್ಧ ಪುಟ. ಕೊನೆ ಏನಾಗುತ್ತದೆಂದು ಅಜ್ಜಿಗೆ ಗೊತ್ತು, ಹೇಳುತ್ತಿಲ್ಲ. "ಹೇಳದಿದ್ದರೆ ಸಿನಿಮಾ ನೋಡಿಬಿಡ್ತೀನಿ" ಅಂತ ಇವಳು. "ನೋಡು, ಮುಂದಿನ ಭಾನುವಾರದಿಂದ ಓದೋದೇ ಇಲ್ಲ" ಅಂತ ಅವರು. ಕಳೆದ ವಾರದವರೆಗೆ ಇಬ್ಬರೂ ಮಾತು ಉಳಿಸಿಕೊಂಡಿದ್ದಾರೆ.