ಮಜಗಾಂವಿನ ಯೆಹೂದಿ ಶಾಲೆ

ಮುಂಬಯಿಯಲ್ಲಿ ನೆಲಸಿದ ನಮ್ಮವರಲ್ಲಿ ಮಸ್ಜಿದ್ ಸ್ಟೇಶನ್ನಿನಲ್ಲಿ ಒಮ್ಮೆಯೂ ಇಳಿಯದವರು ವಿರಳ. ಆ ಹೆಸರು ಮುಸಲ್ಮಾನರ ಮಸೀದಿಯಿಂದ ಬಂದದ್ದೆಂದೇ ನಾವೂ ಬಹುಕಾಲ ತಿಳಿದಿದ್ದೆವು. ಹಾಗಲ್ಲವಂತೆ. ಸಮೀಪದಲ್ಲಿರುವ ಯೆಹೂದಿಗಳ ಪ್ರಾರ್ಥನಾಮಂದಿರವನ್ನು ಜನರು ಮಸೀದಿಯೆಂದೇ ಕರೆಯುತ್ತಿದ್ದರು. ಸ್ಟೇಶನ್ನಿಗೂ ಅದೇ ಹೆಸರು ಅಂಟಿಕೊಂಡಿತೆಂದು ಹೇಳುತ್ತಾರೆ. 1796ರಲ್ಲಿ ಅದನ್ನು ಕಟ್ಟಿಸಿದವನು ಸಾಮ್ಯುಯೆಲ್ ದಿವೇಕರ. ಇವನು ಕಂಪನಿಯ ದಂಡಿನಲ್ಲಿದ್ದು, ಟೀಪೂ ಸುಲ್ತಾನನ ಸೆರೆಗೆ ಸಿಕ್ಕಿ ಬಿಡುಗಡೆಯಾಗಿ ಬಂದವನು. ಬದುಕಿ ಬಂದದ್ದಕ್ಕೆ ಹರಕೆಯಾಗಿ ಕಟ್ಟಿಸಿದ ಗುಡಿಗೆ 'ದಯೆಯ ಬಾಗಿಲು' ಎಂಬರ್ಥದ ಹೆಸರಿಟ್ಟನು. ಅವನ ಜನದ ಕತೆಯಲ್ಲಿ ನಮ್ಮ ಮೈಸೂರು ಸೀಮೆ ಬರುವುದು ಇದೊಂದು ಕಡೆ.

ಈ ಜನರಿಗೆ ಬೆನೆ ಇಸ್ರಾಯೇಲರೆಂದು ಹೆಸರು. ಅಲೀಬಾಗಿನ ಬಳಿಯ ನವಗಾಂವಿನಲ್ಲಿ ಹಡಗು ಒಡೆದು ಏಳು ಗಂಡಸರೂ ಏಳು ಹೆಂಗಸರೂ ದಡ ಸೇರಿದರೆಂದೂ, ತಾವೆಲ್ಲ ಅವರ ಸಂತತಿಯೆಂದೂ ಅವರ ನಂಬಿಕೆ. ಕೊಂಕಣದಲ್ಲಿ ಗಾಣ ಹಾಕಿ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ 'ಶನಿವಾರ ತೇಲಿ' ಎಂದು ಊರವರು ಕರೆದರು. ಹೀಬ್ರೂ ಭಾಷೆ ಮರೆತೇಹೋಗಿತ್ತು, ಮನೆಮಾತು ಮರಾಠಿಯಾಯಿತು. ಉಳಿದದ್ದು ಶನಿವಾರ, ಸುನ್ನತಿ, ಒಂದು ಪ್ರಾರ್ಥನೆ, ಊಟದ ಕಟ್ಟಳೆ, ಇಷ್ಟೇ. ಇಷ್ಟನ್ನೇ ಹಿಡಿದು ಶತಮಾನಗಳನ್ನು ಕಳೆದರಲ್ಲ ಎಂಬುದೇ ನಮಗೆ ಆಶ್ಚರ್ಯ.

ಇವರು ಮುಂಬಯಿಗೆ ಬಂದು ಪಲ್ಟನ್ನಿಗೂ ಕಚೇರಿಗೂ ಸೇರತೊಡಗಿದಾಗ ಮಕ್ಕಳ ವಿದ್ಯೆಯ ಪ್ರಶ್ನೆ ಎದ್ದಿತು. ಇಂಗ್ಲಿಷ್ ಬೇಕೆಂದರೆ ಪಾದ್ರಿಗಳ ಶಾಲೆ ತೆರೆದಿತ್ತು. ಪಾದ್ರಿಗಳು ಇವರಿಗೆ ಉಪಕಾರ ಮಾಡಿದ್ದೇನೋ ನಿಜ. ಜಾನ್ ವಿಲ್ಸನ್ನರು 1832ರಲ್ಲಿ ಮರಾಠಿಯಲ್ಲೇ ಹೀಬ್ರೂ ವ್ಯಾಕರಣ ಬರೆದುಕೊಟ್ಟರು. ಮರೆತ ಭಾಷೆ ಮರಳಿ ನಾಲಗೆಗೆ ಬರುವಲ್ಲಿ ಅದರ ಪಾಲು ಉಂಟು. ಆದರೆ ಪಾಠದ ಜೊತೆಗೆ ಕ್ರಿಸ್ತನ ಕತೆಯೂ ಬರುತ್ತಿತ್ತು. ಮತ ಬಿಟ್ಟುಹೋದವರು ಬೆರಳೆಣಿಕೆಯವರೇ. ಆದರೂ ಮಗನನ್ನು ಕಳಿಸಿದರೆ ಮನೆಯ ಧರ್ಮಕ್ಕೆ ಭಯ, ಕಳಿಸದಿದ್ದರೆ ಹೊಟ್ಟೆಗೆ ಭಯ ಎಂಬ ಸ್ಥಿತಿ ತಾಯ್ತಂದೆಗಳದು.

ಈ ಗಂಟನ್ನು ಬಿಡಿಸಲು ಕೈಹಾಕಿದವರು ಹೈಮ್ ಸಾಮ್ಯುಯೆಲ್ ಕೆಹಿಮಕರರು. ಸರಕಾರಿ ನೌಕರಿಯಲ್ಲಿದ್ದವರು, ಶ್ರೀಮಂತರೇನಲ್ಲ. 1853ರಲ್ಲಿಯೇ ಗೆಳೆಯರನ್ನು ಕೂಡಿಸಿಕೊಂಡು ಒಂದು ಹಿತವರ್ಧಕ ಸಭೆ ಕಟ್ಟಿದ್ದರು. ಶಾಲೆ ತೆರೆಯಲು 1875 ಬರಬೇಕಾಯಿತು. ಇಪ್ಪತ್ತೆರಡು ವರ್ಷ! ನಮ್ಮಲ್ಲಿ ಸಂಘದ ಕಟ್ಟಡಕ್ಕೆಂದು ವಂತಿಗೆ ಎತ್ತಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 'ಇಸ್ರಾಯೇಲಿ ಶಾಲೆ' ಎಂದೇ ಅದರ ಹೆಸರು. ಮರಾಠಿ, ಇಂಗ್ಲಿಷ್, ಹೀಬ್ರೂ ಮೂರೂ ಒಂದೇ ಸೂರಿನಡಿ. ಲಂಡನ್ನಿನ ಆಂಗ್ಲೋ-ಯೆಹೂದಿ ಸಂಘದವರು ಸಹಾಯಧನ ಕೊಟ್ಟರು. 1892ಕ್ಕೆ ಅದು ಹೈಸ್ಕೂಲಾಯಿತು. ಕೆಹಿಮಕರರು ತಮ್ಮ ಜನದ ಇತಿಹಾಸವನ್ನೂ 1897ರಲ್ಲಿ ಬರೆದು ಮುಗಿಸಿದ್ದರು. ಅದು ಅಚ್ಚಾದದ್ದು ಮಾತ್ರ 1937ರಲ್ಲಿ, ದೂರದ ತೆಲ್ ಅವೀವ್‌ನಲ್ಲಿ, ಅವರು ತೀರಿಹೋದ ಎಷ್ಟೋ ವರ್ಷಗಳ ಮೇಲೆ.

ಶಾಲೆಗೆ ಈಗಿರುವ ಹೆಸರು ಸರ್ ಎಲ್ಲಿ ಕಡೂರಿ ಅವರದು. 'ಕಡೂರು' ಎಂದು ಕೇಳಿಸಿ ನಮ್ಮವರು ಕಿವಿ ನಿಮಿರಿಸಬಾರದು, ಅವರು ಬಾಗ್ದಾದಿನವರು. ಹಾಂಗ್‌ಕಾಂಗ್, ಶಾಂಘೈಗಳಲ್ಲಿ ವ್ಯಾಪಾರ ಮಾಡಿ ಗಳಿಸಿದ್ದರಲ್ಲಿ ಶಾಲೆ, ಆಸ್ಪತ್ರೆಗಳಿಗೆ ಧಾರಾಳವಾಗಿ ಕೊಟ್ಟವರು. 1930ರ ದಶಕದಲ್ಲಿ ಅವರ ದಾನದಿಂದ ಮಜಗಾಂವಿನ ಶಾಲೆಗೆ ಅವರ ಹೆಸರು ಬಂತು. ಇದರಲ್ಲೊಂದು ಸ್ವಾರಸ್ಯವಿದೆ. ಮುಂಬಯಿಯ ಬಾಗ್ದಾದಿ ಯೆಹೂದಿಗಳು ಬೆನೆ ಇಸ್ರಾಯೇಲರನ್ನು ತಮಗೆ ಸಮಾನರೆಂದು ಬಗೆಯುತ್ತಿರಲಿಲ್ಲ. ಬಾಗ್ದಾದಿಯೊಬ್ಬರೇ ಕೈನೀಡಿದರು ಎಂಬುದನ್ನು ನಾವು ದುಡ್ಡಿಗಿಂತ ದೊಡ್ಡದೆಂದು ಎಣಿಸುತ್ತೇವೆ.

ಕಟ್ಟಿದವರು ಕೆಹಿಮಕರರಾದರೆ ಬೆಳೆಸಿದವರು ರೆಬೆಕಾ ರೂಬೆನ್. 1905ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಯಲ್ಲಿ ಮೊದಲಿಗಳಾಗಿ ಬಂದಳು ಈ ಹುಡುಗಿ. ಹೆಣ್ಣುಮಗಳೊಬ್ಬಳು ಗಂಡುಹುಡುಗರನ್ನೆಲ್ಲ ಹಿಂದೆ ಹಾಕಿದ್ದು ಆಗಲೇ ಮೊದಲು. ವಿಲಾಯತಿಗೆ ಹೋಗಿ ಶಿಕ್ಷಣಶಾಸ್ತ್ರ ಕಲಿತರು. 1922ರಲ್ಲಿ ಮುಖ್ಯಾಧ್ಯಾಪಿಕೆಯಾಗಿ ಬಂದವರು 1950ರ ವರೆಗೆ, ಇಪ್ಪತ್ತೆಂಟು ವರ್ಷ, ಆ ಕುರ್ಚಿ ಬಿಡಲಿಲ್ಲ. ಎಲ್ಲಿ ಬೇಕಾದರೂ ದೊಡ್ಡ ಹುದ್ದೆ ಸಿಗಬಹುದಾಗಿದ್ದ ಹೆಣ್ಣು, ಗುಮಾಸ್ತರ ಮಕ್ಕಳಿಗೆ ಪಾಠ ಹೇಳುತ್ತ ಉಳಿದರು.

ಆದರೆ ಅವರು ನಿವೃತ್ತರಾಗುವ ಹೊತ್ತಿಗೆ ಶಾಲೆಯ ಬೆಂಚುಗಳು ಬರಿದಾಗತೊಡಗಿದ್ದವು. 1948ರಲ್ಲಿ ಇಸ್ರೇಲ್ ರಾಜ್ಯ ಹುಟ್ಟಿತು. 'ಮುಂದಿನ ವರ್ಷ ಜೆರೂಸಲೇಮಿನಲ್ಲಿ' ಎಂದು ಹಾರೈಸುತ್ತಿದ್ದವರಿಗೆ ಹಡಗು ಸಿದ್ಧವಾಗಿತ್ತು. ಕುಟುಂಬದ ಮೇಲೆ ಕುಟುಂಬ ಹೊರಟಿತು. ಧರ್ಮ ಉಳಿಯಲೆಂದು ಹೀಬ್ರೂ ಕಲಿಸಿದ ಶಾಲೆ. ಕಲಿತ ಮಕ್ಕಳು ಅದೇ ಹೀಬ್ರೂ ಹಿಡಿದು ಊರನ್ನೇ ಬಿಟ್ಟರು. ಅಲ್ಲಿಯೂ ಬೇಗ ನೆಮ್ಮದಿ ಸಿಗಲಿಲ್ಲ. 1961ರಲ್ಲಿ ಅಲ್ಲಿಯ ಧರ್ಮಾಧಿಕಾರಿಗಳು, ಮದುವೆಗೆ ಮುಂಚೆ ಇವರ ವಂಶಾವಳಿ ವಿಚಾರಿಸಬೇಕೆಂದು ಆಜ್ಞೆ ಮಾಡಿದರು. ಅಪ್ಪಟ ಯೆಹೂದಿಗಳು ಹೌದೋ ಅಲ್ಲವೋ ಎಂಬ ಸಂಶಯ! ಬೀದಿಗಿಳಿದು ಸತ್ಯಾಗ್ರಹ ಹೂಡಿ 1964ರಲ್ಲಿ ಅದನ್ನು ನೀಗಿಸಿಕೊಂಡರು. ಆ ಹೋರಾಟದ ರೀತಿಯನ್ನು ಎಲ್ಲಿ ಕಲಿತರೆಂದು ಕೇಳಬೇಕೆ?

ಮಜಗಾಂವಿನ ಶಾಲೆ ಮುಚ್ಚಲಿಲ್ಲ. ಯೆಹೂದಿ ಮಕ್ಕಳು ಬಿಟ್ಟ ಜಾಗಕ್ಕೆ ನೆರೆಕೆರೆಯ ಹಿಂದೂ, ಮುಸಲ್ಮಾನ ಮಕ್ಕಳು ಬಂದರು. ಪಾಠ ನಡೆಯಿತು, ಫಲಕದ ಮೇಲೆ ಬಾಗ್ದಾದಿನ ಹೆಸರು ಹಾಗೆಯೇ ಉಳಿಯಿತು. ಅತ್ತ ಇಸ್ರೇಲಿನಲ್ಲಿ ನೆಲಸಿದ ಹಿರಿಯರಿಗೆ ಬೇರೊಂದು ಚಿಂತೆ ಹತ್ತಿತು. ಮೊಮ್ಮಕ್ಕಳು ಮನೆಯಲ್ಲೂ ಹೀಬ್ರೂ ಆಡುತ್ತಾರೆ, ಮರಾಠಿ ಬಾರದು. ಹೀಗಾಗಿ ಅಲ್ಲಿ ಕೂಡಿಕೊಂಡು ಅವರೊಂದು ಮರಾಠಿ ಪತ್ರಿಕೆ ಹೊರಡಿಸಿದರು. ಅದಕ್ಕೆ 'ಮಾಯಬೋಲಿ' ಎಂದು ಹೆಸರಿಟ್ಟರು, ಎಂದರೆ ತಾಯ್ನುಡಿ.