ಹಸುವಿನ ಬೆದೆ: ಹದ ಅರಿತರೆ ಗಬ್ಬ ನಿಲ್ಲುತ್ತದೆ

ಕಡೂರು ತಾಲ್ಲೂಕಿನ ದೇವನೂರು ಮತ್ತು ಸುತ್ತಲಿನ ಹಳ್ಳಿಗಳು ಮಳೆ ಕಡಿಮೆ ಬೀಳುವ ಪ್ರದೇಶಕ್ಕೆ ಸೇರಿದವು. ರಾಗಿ ಮತ್ತು ತೆಂಗಿನ ಜೊತೆಗೆ ಒಂದೆರಡು ಮಿಶ್ರತಳಿ ಹಸುಗಳನ್ನು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ರೈತರು ಇಲ್ಲಿದ್ದಾರೆ. ಮಳೆ ಕೈಕೊಟ್ಟ ವರ್ಷದಲ್ಲಿ ಇಂಥ ಮನೆಯ ಖರ್ಚಿಗೆ ಒದಗುವುದು ಹಾಲಿನ ಹಣ. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಕರು ಹಾಕಬೇಕಾದರೆ ಸಕಾಲದಲ್ಲಿ ಗಬ್ಬ ನಿಲ್ಲಬೇಕು. "ಮೂರು ಸಲ ಕ್ರಾಸ್ ಮಾಡಿಸಿದರೂ ನಿಲ್ಲಲಿಲ್ಲ" ಎಂದು ಹೇಳಿ ಹಸುವನ್ನು ಗೊಡ್ಡೆಂದು ಮಾರುವ ಮೊದಲು, ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿಯುವುದು ಒಳ್ಳೆಯದು. ಅನೇಕ ವೇಳೆ ದೋಷ ಹಸುವಿನಲ್ಲಿ ಇರುವುದಿಲ್ಲ, ವೇಳೆಯಲ್ಲಿ ಇರುತ್ತದೆ.

ಹೋರಿಯ ಕೆಲಸ ಈಗ ನಿಮ್ಮದು

ನಿಮ್ಮ ನೆರೆಯ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಈ ದನಗಳು ಕಾವಲುಗಳಲ್ಲಿ ಹಿಂಡಾಗಿ ಮೇಯುತ್ತಾ ಬೆಳೆದವು. ಹಿಂಡಿನಲ್ಲಿ ಹೋರಿ ಇದ್ದರೆ ಯಾವ ಹಸು ಯಾವಾಗ ಬೆದೆಗೆ ಬಂತೆಂದು ಮನುಷ್ಯರು ನೋಡಬೇಕಾಗಿಲ್ಲ. ಹೋರಿ ವಾಸನೆಯಿಂದಲೇ ಅದನ್ನು ಕಂಡುಹಿಡಿಯುತ್ತದೆ. ಸರಿಯಾದ ಸಮಯದಲ್ಲಿ, ಬೇಕೆನಿಸಿದರೆ ಎರಡು ಮೂರು ಸಲ ಹಾರುತ್ತದೆ.

ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿಗೆ ಈ ಅನುಕೂಲವಿಲ್ಲ. ಕೃತಕ ಗರ್ಭಧಾರಣೆಯಲ್ಲಿ ಒಳ್ಳೆಯ ಹೋರಿಯ ವೀರ್ಯ ಮನೆ ಬಾಗಿಲಿಗೆ ಬರುತ್ತದೆ ನಿಜ. ಆದರೆ ಬೆದೆಯನ್ನು ಗುರುತಿಸಿ ವೇಳೆಯನ್ನು ನಿರ್ಧರಿಸುವ ಕೆಲಸ ಹೋರಿಯಿಂದ ಮಾಲೀಕನಿಗೆ ಬಂದಿದೆ. ಬಿತ್ತನೆಗೆ ಮಣ್ಣಿನ ಹದ ನೋಡುವಂತೆಯೇ ಇಲ್ಲಿಯೂ ಹದ ನೋಡಬೇಕು. ಅಂತರವೆಂದರೆ, ಮಣ್ಣಿನ ಹದ ಕೆಲವು ದಿನ ಇರುತ್ತದೆ. ಹಸುವಿನ ಹದ ಕೆಲವೇ ಗಂಟೆ.

ಒಳಗಿನ ಅಂಗಗಳು

ಹಸುವಿನ ಹೊಟ್ಟೆಯೊಳಗೆ ಎಡಕ್ಕೊಂದು, ಬಲಕ್ಕೊಂದು ಅಂಡಾಶಯಗಳಿವೆ. ಇವು ಬಾದಾಮಿಯ ಆಕಾರದಲ್ಲಿದ್ದು, ಸುಮಾರು 3ರಿಂದ 4 ಸೆಂ.ಮೀ. ಉದ್ದವಿರುತ್ತವೆ. ಕರು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ ಸಾವಿರಾರು ಅಂಡಗಳಿರುತ್ತವೆ. ಅಂಡಾಶಯದ ಪಕ್ಕದಿಂದ ಸಣ್ಣ ಅಂಡನಾಳ ಹೊರಟು ಗರ್ಭಕೋಶದ ಕೊಂಬನ್ನು ಸೇರುತ್ತದೆ. ಹಸುವಿನ ಗರ್ಭಕೋಶಕ್ಕೆ ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಎರಡು ಕೊಂಬುಗಳಿವೆ. ಕರು ಬೆಳೆಯುವುದು ಇವುಗಳಲ್ಲಿ. ಎರಡೂ ಕೊಂಬುಗಳು ಕೂಡುವ ಗರ್ಭಕೋಶದ ಒಡಲು ಬಹಳ ಚಿಕ್ಕದು.

ಗರ್ಭಕೋಶಕ್ಕೂ ಯೋನಿಗೂ ನಡುವೆ ಗರ್ಭಕಂಠವಿದೆ. ಮುಟ್ಟಿದರೆ ಕೋಳಿಯ ಕತ್ತಿನಂತೆ ಗಟ್ಟಿ. ಒಳಗೆ ಮೂರು ನಾಲ್ಕು ಉಂಗುರಗಳು. ಇದು ಗರ್ಭಕೋಶದ ಬಾಗಿಲು. ಬೆದೆಯಲ್ಲಿ ಮಾತ್ರ ಸಡಿಲಗೊಂಡು, ಉಳಿದ ದಿನಗಳಲ್ಲಿ ಬಿಗಿಯಾಗಿ ಮುಚ್ಚಿರುತ್ತದೆ. ಗಬ್ಬ ನಿಂತ ಮೇಲೆ ಗಟ್ಟಿ ಲೋಳೆಯ ಬಿರಡೆ ಬಿದ್ದು ರೋಗಾಣು ಒಳಹೋಗದಂತೆ ತಡೆಯುತ್ತದೆ. ಗರ್ಭಧಾರಣೆ ಮಾಡುವವರು ಒಂದು ಕೈಯನ್ನು ಗುದದ್ವಾರದಲ್ಲಿಟ್ಟು ಈ ಕಂಠವನ್ನು ಹಿಡಿದು, ನಳಿಕೆಯನ್ನು ಅದರೊಳಗಿನಿಂದ ಸಾಗಿಸಿ, ಕಂಠ ದಾಟಿದ ಕೂಡಲೇ ವೀರ್ಯವನ್ನು ಬಿಡುತ್ತಾರೆ. ಆಗ ಹಸುವನ್ನು ಬೆದರಿಸದೆ, ಹೊಡೆಯದೆ ಹಿಡಿದುಕೊಳ್ಳಬೇಕು.

ಇಪ್ಪತ್ತೊಂದು ದಿನಗಳ ಚಕ್ರ

ಗಬ್ಬವಿಲ್ಲದ ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. 18ರಿಂದ 24 ದಿನಗಳವರೆಗೆ ವ್ಯತ್ಯಾಸವಿರಬಹುದು. ಅಂಡಾಶಯದ ಮೇಲೆ ನೀರು ತುಂಬಿದ ಗುಳ್ಳೆಯೊಂದು ಬೆಳೆದು, ಅದರಿಂದ ಈಸ್ಟ್ರೋಜನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಹಸು ಕೂಗುವುದು, ಲೋಳೆ ಸುರಿಸುವುದು, ಬೇರೆ ದನ ಹಾರಿದಾಗ ಅಲುಗದೆ ನಿಲ್ಲುವುದು, ಎಲ್ಲವೂ ಇದರಿಂದ. ಬಳಿಕ ಗುಳ್ಳೆ ಒಡೆದು ಅಂಡ ಹೊರಬೀಳುತ್ತದೆ. ಒಡೆದ ಜಾಗದಲ್ಲಿ ಹಳದಿ ಬಣ್ಣದ ಗಂಟೊಂದು ಬೆಳೆದು, ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಈ ಗಂಟು ಇರುವವರೆಗೆ ಹಸು ಸಾಮಾನ್ಯವಾಗಿ ಬೆದೆಗೆ ಬರುವುದಿಲ್ಲ.

ಗರ್ಭಕೋಶದಲ್ಲಿ ಭ್ರೂಣವಿದ್ದರೆ ಸುಮಾರು 16ನೆಯ ದಿನದ ಹೊತ್ತಿಗೆ ಅದು ತನ್ನ ಇರವನ್ನು ತಾಯಿಗೆ ತಿಳಿಸುವ ವಸ್ತುವನ್ನು ಒಸರುತ್ತದೆ. ಆಗ ಹಳದಿ ಗಂಟು ಉಳಿದು ಗಬ್ಬವನ್ನು ಕಾಪಾಡುತ್ತದೆ. ಆ ಸೂಚನೆ ಬಾರದಿದ್ದರೆ ಗರ್ಭಕೋಶವು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಬಿಟ್ಟು ಗಂಟನ್ನು ಕರಗಿಸುತ್ತದೆ. ಹಸು ಮತ್ತೆ ಬೆದೆಗೆ ಬರುತ್ತದೆ. ಬೆದೆ ತರಿಸಲು ಪಶುವೈದ್ಯರು ಕೊಡುವ ಒಂದು ಬಗೆಯ ಚುಚ್ಚುಮದ್ದು ಇದೇ ವಸ್ತುವಿನದು. ಆದುದರಿಂದ ಗಬ್ಬ ಪರೀಕ್ಷೆ ಮಾಡಿಸದೆ ಇದನ್ನು ಎಂದಿಗೂ ಹಾಕಿಸಬೇಡಿ. ಗಬ್ಬದ ಹಸುವಿಗೆ ಹಾಕಿದರೆ ಕಂದು ಹಾಕುವ ಅಪಾಯವಿದೆ.

ಹದದ ಗಂಟೆಗಳು

ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆಗಳ ಕಾಲ ಇರುತ್ತದೆ. ಅಂಡ ಹೊರಬೀಳುವುದು ಬೆದೆಯಲ್ಲಿ ಅಲ್ಲ, ಬೆದೆ ಮುಗಿದು 10ರಿಂದ 12 ಗಂಟೆಗಳ ಮೇಲೆ. ಹೊರಬಿದ್ದ ಅಂಡ ಕೆಲವೇ ಗಂಟೆಗಳು ಫಲಕ್ಕೆ ಯೋಗ್ಯವಾಗಿರುತ್ತದೆ. ವೀರ್ಯಾಣುಗಳು ಹಸುವಿನ ದೇಹದಲ್ಲಿ ಸುಮಾರು ಒಂದು ದಿನ ಬದುಕಬಲ್ಲವು. ಆದರೆ ಫಲ ಕಟ್ಟುವ ಶಕ್ತಿ ಪಡೆಯಲು ಅಲ್ಲಿ ಕೆಲವು ಗಂಟೆ ಇರಬೇಕು. ಹಾಗಾಗಿ ಅಂಡ ಬರುವ ಮೊದಲೇ ವೀರ್ಯಾಣುಗಳು ಅಂಡನಾಳದಲ್ಲಿ ಕಾದಿರಬೇಕು. ಬಹಳ ಬೇಗ ಹಾಕಿಸಿದರೆ ಅವು ಅಂಡ ಬರುವ ಮೊದಲೇ ಸಾಯುತ್ತವೆ. ತಡ ಮಾಡಿದರೆ ಅಂಡ ಕೆಡುತ್ತದೆ.

ಅಮೆರಿಕದ ನೆಬ್ರಾಸ್ಕಾದಲ್ಲಿ ಟ್ರಿಂಬರ್ಗರ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ನಡೆಸಿದ ಅಧ್ಯಯನಗಳಿಂದ ಬಂದ ಸುಲಭ ಸೂತ್ರವನ್ನು ಇಂದಿಗೂ ಅನುಸರಿಸಬಹುದು. ಬೆಳಿಗ್ಗೆ ಬೆದೆ ಕಂಡರೆ ಅದೇ ದಿನ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ.

ಬೆದೆಯ ಚಿಹ್ನೆಗಳು

ಬೇರೆ ದನ ಮೇಲೆ ಹಾರಿದಾಗ ಅಲುಗದೆ ನಿಲ್ಲುವುದೇ ನಂಬಲರ್ಹವಾದ ಚಿಹ್ನೆ. ಕಟ್ಟಿದ ಹಸುವಿನಲ್ಲಿ ಇದು ಕಾಣಸಿಗದು. ಆದುದರಿಂದ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ ಎಳೆಯೆಳೆಯಾಗಿ ಇಳಿಯುವ ಲೋಳೆ, ಬಾಲದ ಬುಡದಲ್ಲಿ ಒಣಗಿದ ಅದರ ಗುರುತು, ಊದಿ ಕೆಂಪಾದ ಯೋನಿದ್ವಾರ, ಮೇವು ಬಿಟ್ಟು ಕೂಗಾಡುವುದು, ಹಾಲು ಕಡಿಮೆಯಾಗುವುದು, ಪದೇ ಪದೇ ಗಂಜಲ ಹಾಕುವುದು, ಇವನ್ನು ನೋಡಬೇಕು. ರಾತ್ರಿಯಲ್ಲಿ ಬೆದೆಗೆ ಬರುವ ಹಸುಗಳು ಬಹಳ. ಆದ್ದರಿಂದ ನಸುಕಿನಲ್ಲಿ ಮತ್ತು ಮಲಗುವ ಮುನ್ನ ಕೊಟ್ಟಿಗೆಗೆ ಹೋಗಿ ನೋಡಿ. ಎಮ್ಮೆಗಳಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಚಿಹ್ನೆಗಳು ಹೊರಗೆ ಕಾಣದ ಮೂಕ ಬೆದೆ ಸಾಮಾನ್ಯ. ಅವುಗಳ ಮೇಲೆ ಹೆಚ್ಚಿನ ಗಮನ ಬೇಕು.

ಲೋಳೆಯಲ್ಲಿ ರಕ್ತ ಕಂಡಾಗ ಬೆದೆಯೆಂದು ಓಡಿಹೋಗಿ ಕ್ರಾಸ್ ಮಾಡಿಸುವವರಿದ್ದಾರೆ. ಇದು ತಪ್ಪು. ರಕ್ತ ಕಾಣುವುದು ಬೆದೆ ಮುಗಿದು ಒಂದೆರಡು ದಿನಗಳ ಮೇಲೆ. ಆ ದಿನವನ್ನು ಬರೆದಿಟ್ಟು, ಸುಮಾರು 18 ದಿನಗಳ ನಂತರ ಮುಂದಿನ ಬೆದೆಗೆ ಕಾಯಬೇಕು. ಲೋಳೆ ಬಿಳುಪಾಗಿ ಕೀವಿನಂತಿದ್ದರೆ ಗರ್ಭಕೋಶದಲ್ಲಿ ಸೋಂಕಿದೆ ಎಂದರ್ಥ. ಮೊದಲು ಚಿಕಿತ್ಸೆ ಮಾಡಿಸಿ.

ಗಬ್ಬ ಮತ್ತು ಕರು ಹಾಕುವುದು

ಫಲ ಕಟ್ಟುವುದು ಅಂಡನಾಳದಲ್ಲಿ. ನಾಲ್ಕೈದು ದಿನಗಳಲ್ಲಿ ಭ್ರೂಣ ಗರ್ಭಕೋಶಕ್ಕೆ ಇಳಿಯುತ್ತದೆ. ಗಬ್ಬದ ಅವಧಿ ಹಸುವಿಗೆ ಸುಮಾರು 280 ದಿನ, ಎಮ್ಮೆಗೆ 310, ಕುರಿ ಮೇಕೆಗಳಿಗೆ 150. ಮತ್ತೆ ಬೆದೆಗೆ ಬಾರದಿದ್ದರೆ ಗಬ್ಬ ನಿಂತಿತೆಂದು ಭಾವಿಸಿ ಸುಮ್ಮನಿರದೆ, ಎರಡೂವರೆ ಮೂರು ತಿಂಗಳಿಗೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ.

ಕರುವಿನ ಮಾಸು ಗರ್ಭಕೋಶದ ಒಳಗೋಡೆಗೆ ಗುಂಡಿಗಳಂಥ ಸುಮಾರು ನೂರು ಉಬ್ಬುಗಳಲ್ಲಿ ಅಂಟಿಕೊಂಡಿರುತ್ತದೆ. ಕರು ಹಾಕಿದ ಮೇಲೆ ಇವು ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಮಾಸು ಬೀಳಲಿಲ್ಲವೆಂದು ಕೈಯಿಂದ ಎಳೆಯುವುದು, ಕಲ್ಲು ಕಟ್ಟುವುದು ಅಪಾಯಕರ. ಗರ್ಭಕೋಶ ಹರಿದು, ಸೋಂಕು ತಗಲಿ, ಹಸು ನಿಜವಾಗಿಯೂ ಗೊಡ್ಡಾಗಬಹುದು. 12 ಗಂಟೆಯಾದರೂ ಬೀಳದಿದ್ದರೆ ವೈದ್ಯರನ್ನು ಕರೆಸಿ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಆರು ವಾರ ಬೇಕು. ಎರಡು ತಿಂಗಳು ಕಳೆದ ಮೇಲೆ ಕಾಣುವ ಬೆದೆಯಲ್ಲಿ ಗರ್ಭಧಾರಣೆ ಮಾಡಿಸಿ.

ಅವಳಿ ಕರುಗಳಲ್ಲಿ ಒಂದು ಹೋರಿ, ಒಂದು ಹೆಣ್ಣಾಗಿದ್ದರೆ ಹೆಣ್ಣುಗರು ಬಹುಮಟ್ಟಿಗೆ ಗೊಡ್ಡೇ. ಗರ್ಭದಲ್ಲಿ ಎರಡರ ರಕ್ತವೂ ಬೆರೆತು ಹೆಣ್ಣಿನ ಅಂಗಗಳು ಬೆಳೆಯದಿರುವುದೇ ಕಾರಣ. ಕಡಸು ಕೊಳ್ಳುವಾಗ ಇದನ್ನು ವಿಚಾರಿಸಿ.

ಮೇವಿನ ಪಾತ್ರ

ಹೊಟ್ಟೆಗಿಲ್ಲದ ಹಸು ಬೆದೆಗೆ ಬರುವುದಿಲ್ಲ. ನಮ್ಮ ಭಾಗದ ರಾಗಿ ಹುಲ್ಲಿನಲ್ಲಿ ಸುಣ್ಣದ ಅಂಶ ಸಾಕಷ್ಟಿದೆ, ರಂಜಕ ಕಡಿಮೆ. ಗೋಧಿ ಬೂಸಾ ಅಥವಾ ಅಕ್ಕಿ ತೌಡು ರಂಜಕವನ್ನು ಒದಗಿಸುತ್ತದೆ. ಜೊತೆಗೆ ದೊಡ್ಡ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ. ತೆಂಗಿನ ಸಾಲುಗಳ ನಡುವೆ ಗಿನಿ ಹುಲ್ಲು, ಬದುಗಳ ಮೇಲೆ ಅಗಸೆ, ಮಳೆಗಾಲದಲ್ಲಿ ಮೇವಿನ ಜೋಳದೊಡನೆ ಅಲಸಂದೆ ಬೆಳೆದರೆ ಹಸಿರು ಮೇವಿಗೆ ಅನುಕೂಲ.

ಒಂದು ಬೆದೆ ತಪ್ಪಿದರೆ 21 ದಿನ ನಷ್ಟ. ಮೂರು ತಪ್ಪಿದರೆ 63 ದಿನ, ಅಂದರೆ ಎರಡು ತಿಂಗಳಿಗೂ ಮೇಲ್ಪಟ್ಟು. ದಿನಕ್ಕೆ 6 ಕಿಲೋ ಒಣಹುಲ್ಲೆಂದರೂ ಸುಮಾರು 380 ಕಿಲೋ ಹುಲ್ಲು ಹಾಲಿಲ್ಲದ ಹಸುವಿಗೆ ಹೋಗುತ್ತದೆ. ಆದುದರಿಂದ ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ. ಬೆದೆ ಕಂಡ ದಿನ ಮತ್ತು ಹೊತ್ತು, ಗರ್ಭಧಾರಣೆ ಮಾಡಿಸಿದ ಹೊತ್ತು, ಕರು ಹಾಕಿದ ದಿನ, ಇಷ್ಟನ್ನು ಬರೆಯಿರಿ. ಗರ್ಭಧಾರಣೆಯಾದ 18ನೆಯ ದಿನದಿಂದ 24ನೆಯ ದಿನದವರೆಗೆ ಹಸುವನ್ನು ವಿಶೇಷವಾಗಿ ಗಮನಿಸಿ. ಸಕಾಲದಲ್ಲಿ ಮೂರು ಸಲ ಮಾಡಿಸಿದ ಮೇಲೂ ಗಬ್ಬ ನಿಲ್ಲದಿದ್ದರೆ, ಆ ಬರವಣಿಗೆಯೊಂದಿಗೆ ಹಸುವನ್ನು ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಕಾರಣ ಹುಡುಕಲು ವೈದ್ಯರಿಗೆ ಅದು ಬಹಳ ನೆರವಾಗುತ್ತದೆ.